ಮಲಿಕ್ ಬಂದ, ಹಾಡು ಹಾಕಿ

ಪಶ್ಚಿಮ ಆಫ್ರಿಕಾದ ಮಾಲಿ ದೇಶದ ರಾಜಧಾನಿ ಬಮಾಕೊ. ಆ ಊರಿನ ಅಂಚಿನಲ್ಲಿ, ಸೊಟುಬಾ ಎಂಬಲ್ಲಿ, ನೈಜರ್ ನದಿಗೆ ಅಡ್ಡಲಾಗಿ ಒಂದು ತಗ್ಗಿನ ದಾರಿಯಿದೆ. ಮಳೆಗಾಲ ಬಂತೆಂದರೆ ಅದು ನೀರಿನಡಿ ಹೋಗುತ್ತದೆ. ಬೇಸಿಗೆಯಲ್ಲಿ ಹೊಳೆ ಸೊರಗಿದ ಮೇಲೆ ಮತ್ತೆ ಮೈದೋರುತ್ತದೆ. ಕಳಸದ ಹತ್ತಿರ ಭದ್ರೆ ಉಕ್ಕಿ ಹೆಬ್ಬಾಳೆ ಸೇತುವೆ ಮುಳುಗಿತೆಂಬ ಸುದ್ದಿ ಓದುತ್ತ ಬೆಳೆದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಅಲ್ಲಿನವರು ಆ ದಾರಿಯನ್ನು ಫ್ರೆಂಚಿನಲ್ಲಿ ಶೋಸೆ ಎನ್ನುತ್ತಾರೆ. ನೀರಿಳಿದಾಗ ಸುತ್ತ ಬಂಡೆಗಳು ಎದ್ದು ಕಾಣುತ್ತವೆ. ಏಪ್ರಿಲ್ ಹೊತ್ತಿಗೆ ಬಮಾಕೊದ ಬಿಸಿಲು 40 ಡಿಗ್ರಿಯ ಆಸುಪಾಸು ಸುಡುವಾಗ ಊರಿನ ಹುಡುಗರಿಗೆ ಆ ಬಂಡೆಗಳಿಗಿಂತ ಒಳ್ಳೆಯ ಜಾಗ ಬೇರೆ ಇರಲಿಲ್ಲ.

ಅಲ್ಲಿ 1972ರಲ್ಲಿ ತೆಗೆದ ಒಂದು ಕಪ್ಪುಬಿಳುಪು ಫೋಟೊ ಇದೆ. ಈಜುಡುಗೆಯಲ್ಲಿ ಗುಂಪಾಗಿ ಕುಳಿತ ಗೆಳೆಯರು. ನಡುವೆ, ಮನೆಯ ಹಿರಿಯರಿಗೆ ಕೊಡುವಷ್ಟೇ ಗೌರವ ಕೊಟ್ಟು ಕೂರಿಸಿದ ಒಂದು ರೆಕಾರ್ಡ್ ಪ್ಲೇಯರ್. ಹೊಳೆದಂಡೆಗೆ ಬುತ್ತಿ ಒಯ್ಯುವುದು ನಮಗೂ ಗೊತ್ತು. ಇವರು ಬುತ್ತಿಗಿಂತ ಮೊದಲು ಹಾಡು ಕಟ್ಟಿಕೊಂಡು ಬಂದವರು. ಫೋಟೊ ತೆಗೆದವರ ಹೆಸರು ಮಲಿಕ್ ಸಿದಿಬೆ. ಇಂಥ ಭಾನುವಾರಗಳ ಹಿಂದೆ ಸಾಮಾನ್ಯವಾಗಿ ಒಂದು ನಿದ್ದೆಗೆಟ್ಟ ಶನಿವಾರ ಇರುತ್ತಿತ್ತು. ರಾತ್ರಿಯಿಡೀ ಕುಣಿದವರು ಬೆಳಗಾದ ಮೇಲೆ ಹೊಳೆಗೆ ಬರುತ್ತಿದ್ದರು. ರಾತ್ರಿಯಿಡೀ ಅವರ ಕುಣಿತದ ಫೋಟೊ ತೆಗೆದವರೂ ಅವರ ಹಿಂದೆಯೇ ಬರುತ್ತಿದ್ದರು.

ಸಿದಿಬೆ ಹುಟ್ಟಿದ್ದು 1935ರಲ್ಲಿ ಅಥವಾ 1936ರಲ್ಲಿ. ಹುಟ್ಟಿದ ವರ್ಷಕ್ಕೆ ಎರಡು ಉತ್ತರ ಇರುವುದು ನಮ್ಮ ಅಜ್ಜ ಅಜ್ಜಿಯರನ್ನು ಕಂಡವರಿಗೆ ಸೋಜಿಗವೇನಲ್ಲ. ಊರು ದಕ್ಷಿಣ ಮಾಲಿಯ ಸೊಲೊಬಾ, ಮನೆತನ ಫುಲಾನಿ, ಕುಲದ ಕಸುಬು ದನ ಕುರಿ ಸಾಕುವುದು. ಹುಡುಗನೂ ದನ ಕಾಯ್ದ. ಹತ್ತು ವರ್ಷವಾದ ಮೇಲೆ, ಮನೆಯಲ್ಲಿ ಯಾರೂ ಕಾಣದ ಶಾಲೆಯನ್ನು ಕಂಡ. ಅಲ್ಲಿ ಚಿತ್ರ ಬರೆಯುವ ಕೈ ಎಲ್ಲರ ಕಣ್ಣಿಗೆ ಬಿತ್ತು. ದೇಶ ಆಗ ಫ್ರೆಂಚರ ಆಳ್ವಿಕೆಯಲ್ಲಿತ್ತು, ಹೆಸರೂ ಫ್ರೆಂಚ್ ಸುಡಾನ್. ಹುಡುಗ 1952ರಲ್ಲಿ ಬಮಾಕೊದ ಕುಶಲಕರ್ಮಿಗಳ ಶಾಲೆ ಸೇರಿ, 1955ರಲ್ಲಿ ಆಭರಣ ಮಾಡುವುದನ್ನು ಕಲಿತು ಹೊರಬಂದ. ಅಂದರೆ ಕಸುಬಿನಲ್ಲಿ ಅಕ್ಕಸಾಲಿ. ಮುಂದೆ ಅವರ ಸ್ಟುಡಿಯೊ ಫೋಟೊಗಳಲ್ಲಿ ಭುಜ ಇಷ್ಟೇ ತಿರುಗಬೇಕು, ಗಲ್ಲ ಇಷ್ಟೇ ಏಳಬೇಕು ಎಂಬ ಗುಲಗಂಜಿ ತೂಕದ ಲೆಕ್ಕ ಕಂಡಾಗೆಲ್ಲ ನನಗೆ ಈ ಅಕ್ಕಸಾಲಿ ನೆನಪಾಗುತ್ತಾನೆ.

ಬಮಾಕೊದಲ್ಲಿ ಗೆರಾರ್ ಗಿಯಾ ಎಂಬ ಫ್ರೆಂಚ್ ಫೋಟೊಗ್ರಾಫರ್ ಇದ್ದ. ಜನ ಇಟ್ಟ ಅಡ್ಡಹೆಸರು ‘ಗೆಗೆ ಲಾ ಪೆಲಿಕ್ಯೂಲ್’. ನಮ್ಮ ಕಡೆಯಾಗಿದ್ದರೆ ‘ರೀಲು ಗೆಗೆ’ ಅನ್ನುತ್ತಿದ್ದರೇನೊ. ಅವನ ಅಂಗಡಿಗೆ ಚಿತ್ರ ಬಿಡಿಸಲು ಹೋದ ಸಿದಿಬೆ ಅಲ್ಲೇ ಗಲ್ಲಾದಲ್ಲಿ ಕುಳಿತರು, ಗಿರಾಕಿಗಳಿಗೆ ಫೋಟೊ ಮುಟ್ಟಿಸಿದರು, ನೋಡಿ ನೋಡಿ ಕೆಲಸ ಕಲಿತರು. ಕೂರಿಸಿ ಹೇಳಿಕೊಟ್ಟ ವಿದ್ಯೆಯಲ್ಲ ಅದು. 1956ರಲ್ಲಿ ಒಂದು ಬ್ರೌನಿ ಫ್ಲ್ಯಾಶ್ ಕ್ಯಾಮೆರಾ ಕೊಂಡರು. ಯುರೋಪಿಯನ್ನರ ಔತಣಕೂಟಗಳಿಗೆ ಗೆಗೆ ಹೋದರೆ ಆಫ್ರಿಕನ್ನರ ಮದುವೆ ಮುಂಜಿ ಕುಣಿತಗಳಿಗೆ ಸಿದಿಬೆ ಹೋಗುತ್ತಿದ್ದರು. ಸೈಕಲ್ಲಿನಲ್ಲಿ.

ಕೆಲವೇ ವರ್ಷಗಳಲ್ಲಿ ಬಗಾದಾಜಿ ಎಂಬ ಕೇರಿಯಲ್ಲಿ ‘ಸ್ಟುಡಿಯೊ ಮಲಿಕ್’ ತೆರೆಯಿತು. ಇತ್ತ 1960ರ ಸೆಪ್ಟೆಂಬರ್ 22ರಂದು ಮಾಲಿ ಸ್ವತಂತ್ರ ಗಣರಾಜ್ಯವಾಯಿತು. ಸ್ವಾತಂತ್ರ್ಯ ಬಂದಾಗ ಇಪ್ಪತ್ತರ ಪ್ರಾಯದಲ್ಲಿದ್ದವರಿಗೆ ಏನನಿಸಿತ್ತು ಎಂದು ಭಾಷಣಗಳನ್ನು ಓದಿ ತಿಳಿಯುವುದು ಕಷ್ಟ. ಭಾಷಣ ಬರೆಯುವವರು ಯಾವಾಗಲೂ ಐವತ್ತರವರೇ. ಬಮಾಕೊದ ಮಟ್ಟಿಗೆ ಆ ಅನಿಸಿಕೆ ಸಿದಿಬೆಯ ನೆಗೆಟಿವ್‌ಗಳಲ್ಲಿದೆ.

ಹುಡುಗ ಹುಡುಗಿಯರು ಕೇರಿಗೊಂದು ಕ್ಲಬ್ಬು ಕಟ್ಟಿಕೊಂಡರು. ಕ್ಲಬ್ಬೆಂದರೆ ಕಟ್ಟಡವಿಲ್ಲ, ಕುರ್ಚಿಯಿಲ್ಲ, ಬೋರ್ಡಿಲ್ಲ. ಹತ್ತಿಪ್ಪತ್ತು ಜನ ಗೆಳೆಯರು, ಒಂದು ಹೆಸರು, ಕೈಲಾದಷ್ಟು ರೆಕಾರ್ಡುಗಳು. ಹೆಸರುಗಳನ್ನು ಕೇಳಿ: ಬೀಟಲ್ಸ್, ಸ್ಪುಟ್ನಿಕ್, ಕಾಡುಬೆಕ್ಕುಗಳು, ಹ್ಯಾಪಿ ಕ್ಲಬ್. ಒಂದು ಹೆಸರು ಲಿವರ್‌ಪೂಲಿನದು, ಒಂದು ಸೋವಿಯತ್ ಆಕಾಶದ್ದು, ಇನ್ನೊಂದು ಫ್ರಾನ್ಸಿನ ರಾಕ್ ತಂಡದ್ದು. ಶೀತಲ ಸಮರದ ಎರಡೂ ಬಣಗಳು ಒಂದೇ ಊರಿನ ಅಂಗಳದಲ್ಲಿ ಟ್ವಿಸ್ಟ್ ಕುಣಿಯುತ್ತಿದ್ದವು. ಗೆಳೆಯರೆಲ್ಲ ಒಂದೇ ಥಾನಿನ ಬಟ್ಟೆ ತಂದು ಹೊಲಿಸಿಕೊಳ್ಳುವುದೂ ಇತ್ತು. ನಮ್ಮ ಜಾತ್ರೆ, ಗಣಪತಿ ಉತ್ಸವಗಳ ಯುವಕ ಮಂಡಲಿಗಳು ಒಂದೇ ಬಣ್ಣದ ಶರ್ಟು ಹೊಲಿಸುತ್ತವಲ್ಲ, ಹಾಗೆ.

ಶನಿವಾರ ರಾತ್ರಿ ಯಾರದೋ ಮನೆಯ ಅಂಗಳದಲ್ಲಿ ‘ಸರ್ಪ್ರೈಸ್ ಪಾರ್ಟಿ’. ಹೆಸರಷ್ಟೇ ಸರ್ಪ್ರೈಸ್, ತಯಾರಿ ವಾರವಿಡೀ. ಸಿದಿಬೆಗೆ ಮೊದಲೇ ಕರೆ ಹೋಗುತ್ತಿತ್ತು, ಏಕೆಂದರೆ ಅವರು ಬಾರದ ಪಾರ್ಟಿ ಪಾರ್ಟಿಯೇ ಅಲ್ಲ. ಒಂದೇ ರಾತ್ರಿ ನಾಲ್ಕೈದು ಕಡೆ ಹೋದದ್ದೂ ಉಂಟು. ಅಂಗಳಕ್ಕೆ ಕಾಲಿಡುವಾಗ ಒಮ್ಮೆ ಫ್ಲ್ಯಾಶ್ ಹೊಡೆದರೆ ಸಾಕು, ಮಲಿಕ್ ಬಂದರೆಂದು ಎಲ್ಲರಿಗೂ ಗೊತ್ತಾಗುತ್ತಿತ್ತು. ಆಮೇಲೆ ಕುಣಿತದ ಕಳೆಯೇ ಬೇರೆ. ಸ್ಟುಡಿಯೊದಲ್ಲಿ ದೊಡ್ಡ ನೆಗೆಟಿವ್‌ನ ಚೌಕ ಕ್ಯಾಮೆರಾ ಬಳಸುತ್ತಿದ್ದವರು ಇಲ್ಲಿಗೆ ಕೈಗೆ ಹಗುರವಾದ 35 ಎಂಎಂ ಕ್ಯಾಮೆರಾ ತರುತ್ತಿದ್ದರು. ಕುಣಿಯುವವರು ಕ್ಯಾಮೆರಾಕ್ಕೆ ಕಾಯುವುದಿಲ್ಲ, ಕ್ಯಾಮೆರಾವೇ ಅವರ ಜೊತೆ ಬಗ್ಗಬೇಕು, ಕೂರಬೇಕು, ಏಳಬೇಕು. 1962ರ ‘ನನ್ನನ್ನು ನೋಡಿ’ ಎಂಬ ಫೋಟೊದಲ್ಲಿ ಒಬ್ಬ ನೆಲಕ್ಕೆ ತಾಗುವಂತೆ ಬಾಗಿ ಟ್ವಿಸ್ಟ್ ಮಾಡುತ್ತಿದ್ದಾನೆ. ಅವನ ಮಟ್ಟಕ್ಕೆ ಇಳಿದ ಇನ್ನೊಬ್ಬರು ಆ ಅಂಗಳದಲ್ಲಿ ಇದ್ದರು, ಅವರ ಕೈಯಲ್ಲಿ ಕ್ಯಾಮೆರಾ ಇತ್ತು.

ನನ್ನನ್ನು ಹಿಡಿದು ನಿಲ್ಲಿಸುವುದು ಪಾರ್ಟಿಗಿಂತ ಹೆಚ್ಚಾಗಿ ಪಾರ್ಟಿ ಮುಗಿದ ಮೇಲಿನ ಭಾಗ. ಎಲ್ಲರೂ ಮನೆಗೆ ಹೋದ ಮೇಲೆ ಸಿದಿಬೆ ಸ್ಟುಡಿಯೊಗೆ ವಾಪಸಾಗಿ ಕತ್ತಲಕೋಣೆ ಸೇರುತ್ತಿದ್ದರು. ಫಿಲ್ಮ್ ತೊಳೆದು, ಒಣಹಾಕಿ, ಪ್ರತಿ ನೆಗೆಟಿವ್‌ಗೂ ಒಂದು ಪುಟ್ಟ ಪ್ರಿಂಟು ಹಾಕುತ್ತಿದ್ದರು. ಅವನ್ನೆಲ್ಲ ಬಣ್ಣದ ರಟ್ಟಿನ ಫೈಲುಗಳ ಮೇಲೆ ಸಾಲಾಗಿ ಅಂಟಿಸಿ, ಪ್ರತಿಯೊಂದಕ್ಕೂ ನಂಬರು ಕೊಟ್ಟು, ಕ್ಲಬ್ಬಿನ ಹೆಸರು, ತಾರೀಖು ಬರೆಯುತ್ತಿದ್ದರು. ಆ ಫೈಲುಗಳಿಗೆ ಅವರು ಕರೆದದ್ದು ಶೆಮೀಜ್ ಎಂದು. ಫ್ರೆಂಚಿನಲ್ಲಿ ಅಂಗಿಗೂ ಅದೇ ಮಾತು, ಕಾಗದ ಇಡುವ ರಟ್ಟಿಗೂ ಅದೇ ಮಾತು. ನಮ್ಮ ಕಮೀಜಿನ ಬಳಗದ್ದೇ ಶಬ್ದ. ವಾರದ ಮೊದಲಲ್ಲಿ ಅವು ಸ್ಟುಡಿಯೊದ ಹೊರಗೆ ತೂಗುತ್ತಿದ್ದವು. ಶನಿವಾರ ಕುಣಿದವರು ಬಂದು ಮುತ್ತಿಕೊಂಡು, ತಮ್ಮನ್ನು ತಾವು ಹುಡುಕಿ, ನಂಬರು ಹೇಳಿ, ದೊಡ್ಡ ಪ್ರತಿಗೆ ದುಡ್ಡು ಕೊಡುತ್ತಿದ್ದರು.

ಪರೀಕ್ಷೆಯ ಫಲಿತಾಂಶದ ಪಟ್ಟಿಯನ್ನು ಶಾಲೆಯ ಗೋಡೆಗೆ ಅಂಟಿಸುತ್ತಿದ್ದ ಕಾಲ ಕಂಡವರಿಗೆ ಆ ನೂಕುನುಗ್ಗಲು ಕಣ್ಣಿಗೆ ಕಟ್ಟೀತು. ವ್ಯತ್ಯಾಸವೆಂದರೆ ಇಲ್ಲಿ ಎಲ್ಲರ ಫಲಿತಾಂಶವೂ ಎಲ್ಲರಿಗೂ ಕಾಣುತ್ತಿತ್ತು: ಯಾರು ಯಾರ ಜೊತೆ ಕುಣಿದರು, ಯಾರ ಕೈ ಯಾರ ಹೆಗಲ ಮೇಲಿತ್ತು. ಸಂಗೀತ ತನ್ನ ಪೀಳಿಗೆಯನ್ನು ಬಿಡುಗಡೆ ಮಾಡಿತು, ಹೆಣ್ಣುಗಂಡು ಒಬ್ಬರನ್ನೊಬ್ಬರು ಹಿಡಿದು ಕುಣಿಯುವುದು ಅದರಿಂದಲೇ ಸಾಧ್ಯವಾಯಿತು ಎಂದು ಸಿದಿಬೆ ಮುಪ್ಪಿನಲ್ಲಿ ಸಂದರ್ಶಕರಿಗೆ ಮತ್ತೆ ಮತ್ತೆ ಹೇಳುತ್ತಿದ್ದರು. ಅದು ಸುಳ್ಳಲ್ಲ. ಆದರೆ ಆ ಬಿಡುಗಡೆಗೆ ನಂಬರು ಹಾಕಿ ರಟ್ಟಿಗೆ ಅಂಟಿಸಲು ಒಬ್ಬ ಮನುಷ್ಯ ಬೆಳಗಿನ ಜಾವದವರೆಗೆ ಕೆಂಪು ದೀಪದಡಿ ನಿಂತಿರುತ್ತಿದ್ದ. ಅವನಿಗೆ ಅದು ಹೊಟ್ಟೆಪಾಡು. ಬಮಾಕೊದ ಫೋಟೊಗಳನ್ನು ನೋಡಿ ಸಂತೋಷ, ಸಂಭ್ರಮ ಎಂದು ಬರೆಯುವವರು ಈ ಕೂಲಿಯನ್ನು ಸಾಮಾನ್ಯವಾಗಿ ಒಂದು ಸಾಲಿನಲ್ಲಿ ಮುಗಿಸುತ್ತಾರೆ.

ಸಿದಿಬೆಯ ಹೆಸರು ಹೇಳಿದೊಡನೆ ಜಗತ್ತು ನೆನೆಯುವುದು 1963ರ ‘ಕ್ರಿಸ್‌ಮಸ್ ರಾತ್ರಿ’ಯನ್ನು. ಹ್ಯಾಪಿ ಕ್ಲಬ್ಬಿನ ಪಾರ್ಟಿ. ತೆಳುಬಣ್ಣದ ಸೂಟು ತೊಟ್ಟ ಹುಡುಗ, ಬಿಳಿ ಫ್ರಾಕಿನ ಹುಡುಗಿ. ಹಣೆಗೆ ಹಣೆ ತಾಗುವಷ್ಟು ಹತ್ತಿರ. ಇಬ್ಬರ ಕಣ್ಣೂ ಕೆಳಗೆ, ಹೆಜ್ಜೆಯ ಮೇಲೆ. ಅವನ ಕಾಲಲ್ಲಿ ಶೂ ಇದೆ, ಅವಳು ಬರಿಗಾಲು. ಪ್ರೇಮಿಗಳೆಂದೇ ನೋಡಿದವರೆಲ್ಲ ಅಂದುಕೊಳ್ಳುತ್ತಾರೆ, ನಾನೂ ಅಂದುಕೊಂಡಿದ್ದೆ. ಅಣ್ಣ ತಂಗಿ ಎಂದು ಸಿದಿಬೆ ಹೇಳಿದ್ದಾರೆ. ಗೊತ್ತಾದ ಮೇಲೆ ಫೋಟೊ ಬದಲಾಗುತ್ತದೆ. ಪ್ರಣಯ ಹೋಗಿ ಅಲ್ಲಿ ಏಕಾಗ್ರತೆ ಉಳಿಯುತ್ತದೆ: ಹೆಜ್ಜೆ ತಪ್ಪಬಾರದು ಎಂಬ ಇಬ್ಬರು ಒಡಹುಟ್ಟಿದವರ ಗಂಭೀರ ಯತ್ನ. ಬಲು ಪ್ರಭಾವ ಬೀರಿದ 100 ಫೋಟೊಗಳ ಪಟ್ಟಿ ಮಾಡಿದಾಗ ‘ಟೈಮ್’ ಪತ್ರಿಕೆ ಇದನ್ನೂ ಸೇರಿಸಿತು. ಸೂಟೂ ಹೊಲಿಗೆಯೂ ಹೊರಗಿನಿಂದ ಬಂದಿರಬಹುದು. ನೆಲ ಮಾತ್ರ ಮನೆಯಂಗಳದ್ದು, ಅದನ್ನು ತುಳಿದ ಬರಿಗಾಲೂ ಮನೆಯದೇ.

ಈ ಕ್ಲಬ್ಬುಗಳ ಸಂಗೀತದ ಕಥೆ ಇನ್ನೂ ಸ್ವಾರಸ್ಯದ್ದು. ಪ್ಯಾರಿಸ್ಸಿನ ಹದಿಹರೆಯದವರ ರೇಡಿಯೊ ಕಾರ್ಯಕ್ರಮ, ಅಮೆರಿಕದ ಜೇಮ್ಸ್ ಬ್ರೌನ್, ಕ್ಯೂಬಾದ ಚಾಚಾಚಾ ಎಲ್ಲವೂ ಒಂದೇ ರೆಕಾರ್ಡ್ ಪ್ಲೇಯರಿನ ಮೇಲೆ ಸರದಿಯಲ್ಲಿ ಸುತ್ತಿದವು. ಆದರೆ 1963ರಲ್ಲಿ ರೇಡಿಯೊ ಮಾಲಿಯಲ್ಲಿ ದೇಶವನ್ನು ಎಬ್ಬಿಸಿದ ಹಾಡು ಅಲ್ಲಿಯದೇ: ‘ಮಾಲಿ ಟ್ವಿಸ್ಟ್’. ಹಾಡಿದವರು ಬುಬಕಾರ್ ತ್ರಾವೊರೆ. ಫುಟ್‌ಬಾಲಿನಲ್ಲಿ ಚೆಂಡನ್ನು ಕಾಲಲ್ಲೇ ಆಡಿಸುತ್ತ ಹೋಗುತ್ತಿದ್ದುದಕ್ಕೆ ‘ಕಾರ್ ಕಾರ್’ ಎಂಬ ಅಡ್ಡಹೆಸರು. ಬನ್ನಿ, ದೇಶ ಕಟ್ಟೋಣ ಎಂಬ ಕರೆಯನ್ನು ಟ್ವಿಸ್ಟಿನ ತಾಳಕ್ಕೆ ಕೂರಿಸಿದ ಹಾಡು ಅದು. ಊರೆಲ್ಲ ಕುಣಿಯಿತು, ಹಾಡುಗಾರನ ಜೇಬಿಗೆ ಏನೂ ಬೀಳಲಿಲ್ಲ. ರೆಕಾರ್ಡೂ ಹೊರಬರಲಿಲ್ಲ. ಬಟ್ಟೆ ಹೊಲಿದು, ಸಣ್ಣಪುಟ್ಟ ಕೆಲಸ ಮಾಡಿ ಸಂಸಾರ ನಡೆಸಿದರು. ಹೆಂಡತಿ ತೀರಿಕೊಂಡ ಮೇಲೆ ಫ್ರಾನ್ಸಿಗೆ ಕೂಲಿಗೆ ಹೋದರು. ಮೊದಲ ಆಲ್ಬಂ ಬಂದದ್ದು 1990ರಲ್ಲಿ.

ಅಧ್ಯಕ್ಷ ಮೊದಿಬೊ ಕೀತಾ ಅವರದು ಸಮಾಜವಾದಿ ಸರ್ಕಾರ. ದೇಶ ಕಟ್ಟುವ ಕರೆ ಅದಕ್ಕೆ ಹಿತವಾಗಿತ್ತು, ಟ್ವಿಸ್ಟ್ ಹಿತವಾಗಿರಲಿಲ್ಲ. ಮಿನಿ ಸ್ಕರ್ಟು, ಬಿಗಿ ಪ್ಯಾಂಟು ಸಾಮ್ರಾಜ್ಯಶಾಹಿಯ ಎಂಜಲೆಂದು ಪಕ್ಷದ ಹಿರಿಯರ ವಾದ. ದಶಕದ ಕೊನೆಗೆ ಪಕ್ಷದ ಯುವಪಡೆ ಬೀದಿಯಲ್ಲಿ ಗಸ್ತು ತಿರುಗಿ, ಉಡುಪು ನೋಡಿ ಹಿಡಿಯುವ ಮಟ್ಟಕ್ಕೆ ಹೋಯಿತು. ಹುಡುಗಿಯರು ಮಿನಿ ಸ್ಕರ್ಟಿನ ಮೇಲೆ ಉದ್ದದ ಬಟ್ಟೆ ಸುತ್ತಿ ಮನೆಯಿಂದ ಹೊರಟು, ಪಾರ್ಟಿಯಲ್ಲಿ ಅದನ್ನು ತೆಗೆದಿಡುತ್ತಿದ್ದರು. ಅಪ್ಪನಿಂದಲೂ ಬಚಾವು, ಪಕ್ಷದಿಂದಲೂ ಬಚಾವು. ತಮಾಷೆಯೆಂದರೆ, ಇದೇ ಸರ್ಕಾರ ಸಂಗೀತ ಕಲಿತು ಬನ್ನಿ ಎಂದು ತರುಣರ ಒಂದು ತಂಡವನ್ನು ಸಮಾಜವಾದಿ ಮಿತ್ರದೇಶ ಕ್ಯೂಬಾಗೆ ಕಳಿಸಿತ್ತು. ಬೊಂಕಾನಾ ಮಯ್ಗಾ ಮತ್ತು ಗೆಳೆಯರು ಹವಾನಾದಲ್ಲಿ ಶಾಸ್ತ್ರೀಯ ಪಾಠ ಕಲಿತದ್ದು ನಿಜ. ಜೊತೆಗೆ ‘ಲಾಸ್ ಮಾರಾವಿಯಾಸ್ ದೆ ಮಾಲಿ’ ಎಂಬ ತಂಡ ಕಟ್ಟಿ ಕ್ಯೂಬನ್ನರ ಹಾಗೆಯೇ ಕುಣಿಸುವ ಹಾಡು ನುಡಿಸತೊಡಗಿದರು. ಮುಂಬಾಗಿಲಲ್ಲಿ ತಡೆದ ಕುಣಿತ ಸರ್ಕಾರಿ ವಿದ್ಯಾರ್ಥಿವೇತನದಲ್ಲಿ ಹಿತ್ತಿಲಿನಿಂದ ಬಂತು.

ಸ್ಟುಡಿಯೊದ ಒಳಗೆ ಬೇರೆಯೇ ಲೋಕ. ಕಿರಿದಾದ ಕೋಣೆ, ಹಿಂದೆ ಕಪ್ಪುಬಿಳುಪು ಪಟ್ಟೆಯ ಪರದೆ, ಕೆಳಗೆ ಚೌಕಳಿ ನೆಲ. ಇದರ ಮುಂದೆ ಹೂವಿನ ಚಿತ್ತಾರದ ಉಡುಪು ತೊಟ್ಟವರು ನಿಂತರೆ ಕಣ್ಣು ಕೋರೈಸಬೇಕು. ಆದರೆ ಪಟ್ಟೆ, ಚೌಕಳಿ, ಹೂವು ಒಂದಕ್ಕೊಂದು ಜಗಳವಾಡುತ್ತ ನಡುವಿನ ಮುಖವನ್ನು ಮುಂದಕ್ಕೆ ತಳ್ಳುತ್ತವೆ. ಜನ ಹೊಸದಾಗಿ ಕೊಂಡದ್ದನ್ನೆಲ್ಲ ತರುತ್ತಿದ್ದರು: ಕೈಗಡಿಯಾರ, ರೇಡಿಯೊ, ತಂಪು ಕನ್ನಡಕ. ಮೋಟರ್‌ಸೈಕಲ್ಲನ್ನು ಒಳಗೇ ತಳ್ಳಿಕೊಂಡು ಬಂದು ಅದರ ಮೇಲೆ ಇಡೀ ಕುಟುಂಬ ಕೂತ 1962ರ ಫೋಟೊ ಇದೆ. ನಾವು ಬೆಲ್‌ಬಾಟಂ ಅಂದದ್ದನ್ನು ಫ್ರೆಂಚಿನಲ್ಲಿ ಆನೆಪಾದ ಅನ್ನುತ್ತಾರೆ. 1970ರ ದಶಕದ ಸ್ಟುಡಿಯೊ ಮಲಿಕ್‌ನಲ್ಲಿ ಆನೆಪಾದಗಳ ಹಿಂಡೇ ಇದೆ. ತಾಲ್ಲೂಕು ಕೇಂದ್ರಗಳಲ್ಲಿ ನಮ್ಮ ಅಪ್ಪಂದಿರೂ ಅದೇ ಕಾಲಕ್ಕೆ ಅದೇ ಪ್ಯಾಂಟಿನಲ್ಲಿ, ತಾಜಮಹಲಿನ ಪರದೆಯ ಮುಂದೆ, ಸ್ಟುಡಿಯೊದವರೇ ಕೊಟ್ಟ ಕೋಟು ಹಾಕಿಕೊಂಡು ನಿಂತಿದ್ದರು. ಆ ಆಲ್ಬಮ್ಮುಗಳು ಇನ್ನೂ ಮನೆಗಳಲ್ಲಿವೆ. ತೆಗೆದವರ ಹೆಸರು ಹಿಂಬದಿಯ ರಬ್ಬರ್ ಮುದ್ರೆಯಲ್ಲಿ ಅರ್ಧ ಅಳಿಸಿಹೋಗಿದೆ.

1968ರ ನವೆಂಬರ್ 19ರಂದು ಸೈನ್ಯ ಕೀತಾರನ್ನು ಕೆಳಗಿಳಿಸಿತು. ಗದ್ದುಗೆಗೆ ಬಂದ ಸೈನ್ಯಾಧಿಕಾರಿ ಮೂಸಾ ತ್ರಾವೊರೆಯ ಆಡಳಿತದಲ್ಲಿ ರಾತ್ರಿಯ ನಿರ್ಬಂಧಗಳೂ ಬಂದವು. ಪಾರ್ಟಿಗಳು ತಟ್ಟನೆ ನಿಲ್ಲಲಿಲ್ಲ, ಮೆಲ್ಲಗೆ ತೆಳುವಾದವು. ಕ್ಲಬ್ಬಿನ ಹುಡುಗರಿಗೆ ಮದುವೆಯಾಯಿತು, ಮಕ್ಕಳಾದವು, ಹೊಸಬರು ಅಂಗಳ ಬಿಟ್ಟು ಡಿಸ್ಕೊ ಹುಡುಕಿಕೊಂಡು ಹೋದರು. 1976ರ ಒಂದು ಫೋಟೊ: ಹೊಳೆಯ ದಂಡೆಯಲ್ಲಿ ಇಬ್ಬರು ಗೆಳೆಯರು ಕಲ್ಲೆತ್ತಿ ಒಬ್ಬರಿಗೊಬ್ಬರು ಎಸೆಯುವ ಭಂಗಿಯಲ್ಲಿ ನಿಂತಿದ್ದಾರೆ. ಹೆಸರು ‘ಕಲ್ಲುಗಳೊಂದಿಗೆ ಗೆಳೆಯರ ಕಾಳಗ’. ಸಿನಿಮಾ ನೋಡಿ ಕಲಿತ ಹೊಡೆದಾಟ, ಎಸೆಯದ ಕಲ್ಲು. ಬೇಸಿಗೆಯ ಹೊಳೆಗೆ ಸಿದಿಬೆ ಹೋಗುತ್ತಿದ್ದ ಕೊನೆಯ ವರ್ಷಗಳವು.

ಆಮೇಲೆ ಕಲರ್ ಲ್ಯಾಬುಗಳು ಬಂದವು. ಕಪ್ಪುಬಿಳುಪು ಕೇಳುವವರಿಲ್ಲ. ಸಿದಿಬೆ ಪಾಸ್‌ಪೋರ್ಟ್ ಅಳತೆಯ ಫೋಟೊ ತೆಗೆಯುತ್ತ, ಕೆಟ್ಟ ಕ್ಯಾಮೆರಾ ರಿಪೇರಿ ಮಾಡುತ್ತ ಬಗಾದಾಜಿಯ ಅದೇ ಅಂಗಡಿಯಲ್ಲಿ ಉಳಿದರು. ಗೋಡೆಯ ಶೆಲ್ಫಿನಲ್ಲಿ ಹಳೆಯ ಕ್ಯಾಮೆರಾಗಳು, ಡಬ್ಬಗಳಲ್ಲಿ ನೆಗೆಟಿವ್‌ಗಳು, ತಾರೀಖಿನ ಪ್ರಕಾರ. ಒಂದನ್ನೂ ಎಸೆಯದ ಆ ಅಚ್ಚುಕಟ್ಟೇ ಮುಂದೆ ಅವರನ್ನು ಕಾಯಿತು. 1990ರ ದಶಕದ ಆರಂಭದಲ್ಲಿ ಆಂದ್ರೆ ಮಾನ್ಯಾಂ ಎಂಬ ಫ್ರೆಂಚ್ ಕಲಾ ಕ್ಯುರೇಟರ್ ಬಮಾಕೊಗೆ ಬಂದದ್ದು ಬೇರೊಬ್ಬರನ್ನು ಹುಡುಕಿಕೊಂಡು. ಹೆಸರಿಲ್ಲದ ಕೆಲವು ಹಳೆಯ ಫೋಟೊಗಳ ಕರ್ತೃ ಯಾರೆಂದು ಅವರಿಗೆ ತಿಳಿಯಬೇಕಿತ್ತು. ಆ ಕರ್ತೃ ಸೇಯ್ದು ಕೀತಾ, ಸಿದಿಬೆಗಿಂತ ಒಂದು ತಲೆಮಾರು ಹಿರಿಯ ಸ್ಟುಡಿಯೊ ಫೋಟೊಗ್ರಾಫರ್. ಹುಡುಕಾಟದ ದಾರಿ ಸಿದಿಬೆಯ ಅಂಗಡಿಯ ಮೂಲಕ ಹಾದಿತ್ತು.

ನಂತರದ್ದನ್ನು ಬೇಗ ಹೇಳಿ ಮುಗಿಸಬಹುದು. ಪ್ಯಾರಿಸ್ಸಿನ ಕಾರ್ತಿಯೆ ಪ್ರತಿಷ್ಠಾನದಲ್ಲಿ 1995ರ ಪ್ರದರ್ಶನ, 2003ರಲ್ಲಿ ಹ್ಯಾಸಲ್‌ಬ್ಲಾಡ್ ಪ್ರಶಸ್ತಿ, 2007ರಲ್ಲಿ ವೆನಿಸ್ ಬಿಯೆನಾಲೆಯ ಜೀವಮಾನ ಸಾಧನೆಯ ಚಿನ್ನದ ಸಿಂಹ. ಆ ಸಿಂಹ ಅದಕ್ಕೆ ಮುಂಚೆ ಯಾವ ಫೋಟೊಗ್ರಾಫರನಿಗೂ ಸಿಕ್ಕಿರಲಿಲ್ಲ, ಯಾವ ಆಫ್ರಿಕನ್ನನಿಗೂ ಸಿಕ್ಕಿರಲಿಲ್ಲ. ಜಾನೆಟ್ ಜಾಕ್ಸನ್ 1997ರಲ್ಲಿ ಮಾಡಿದ ಒಂದು ಹಾಡಿನ ವಿಡಿಯೊ ಬಮಾಕೊದ ಈ ಫೋಟೊಗಳ ಛಾಯೆಯಲ್ಲೇ ಚಿತ್ರಿತವಾಯಿತು. ‘ನ್ಯೂಯಾರ್ಕ್ ಟೈಮ್ಸ್’ ಬಳಗದ ಪತ್ರಿಕೆಗೆ ಸಿದಿಬೆ ತೆಗೆದ ಫ್ಯಾಷನ್ ಫೋಟೊಗಳಿಗೆ 2010ರಲ್ಲಿ ವರ್ಲ್ಡ್ ಪ್ರೆಸ್ ಫೋಟೊ ಪ್ರಶಸ್ತಿ ಬಂತು. ಅಷ್ಟೆಲ್ಲ ಆದ ಮೇಲೂ ಅವರು ಬಮಾಕೊ ಬಿಡಲಿಲ್ಲ. 2016ರ ಏಪ್ರಿಲ್ 14ರಂದು, ಬೇಸಿಗೆಯ ನಡುವೆ, ಅಲ್ಲೇ ತೀರಿಕೊಂಡರು. ಮರುವರ್ಷ ಪ್ಯಾರಿಸ್ಸಿನಲ್ಲಿ ನಡೆದ ದೊಡ್ಡ ಪ್ರದರ್ಶನಕ್ಕೆ ಕಾರ್ ಕಾರ್ ಹಾಡಿನ ಹೆಸರನ್ನೇ ಇಟ್ಟರು.

ಗ್ಯಾಲರಿಯ ಬಿಳಿ ಗೋಡೆಯ ಮೇಲೆ ಆಳೆತ್ತರದ ಚೌಕಟ್ಟಿನಲ್ಲಿ ಈ ಚಿತ್ರಗಳು ಚೆನ್ನಾಗಿಯೇ ಕಾಣುತ್ತವೆ, ಸುಳ್ಳು ಹೇಳಬಾರದು. ಆದರೂ ನನ್ನ ಮನಸ್ಸು ಹೋಗುವುದು ಶೆಮೀಜ್‌ಗಳ ಕಡೆಗೆ. ಅವೂ ಈಗ ಪ್ರದರ್ಶನಗಳಲ್ಲಿವೆ, ಪುಸ್ತಕಗಳಲ್ಲಿವೆ. ಹಸಿರು, ಗುಲಾಬಿ ರಟ್ಟು, ಕೈಬರಹ, ಸಾಲು ಸಾಲು ಪುಟ್ಟ ಪ್ರಿಂಟುಗಳು. ಅದರಲ್ಲಿ ಎಲ್ಲರೂ ಚೆನ್ನಾಗಿ ಬಂದಿಲ್ಲ. ಕಣ್ಣು ಮುಚ್ಚಿದವರಿದ್ದಾರೆ, ಪಕ್ಕದವನ ಮೊಣಕೈಗೆ ಮುಖ ಮರೆಯಾದವರಿದ್ದಾರೆ, ಗೋಡೆಗೊರಗಿ ಕೂತು ಕುಣಿಯುವವರನ್ನೇ ನೋಡುತ್ತಿರುವವರಿದ್ದಾರೆ. ಆ ಸೋಮವಾರ ಯಾರೂ ಬಂದು ಆ ನಂಬರು ಹೇಳಿರಲಿಕ್ಕಿಲ್ಲ. ಸಿದಿಬೆ ಅವಕ್ಕೂ ಉಳಿದವುಗಳ ಹಾಗೆಯೇ ನಂಬರು ಬರೆದು, ಅಂಚು ನೇರ ಮಾಡಿ, ಅಂಟು ಹಚ್ಚಿ ಕೂರಿಸಿದ್ದಾರೆ.